ಅಮ್ಮ ಬಸ್ಸಿನ ಬೋರ್ಡು ಓದಲು ಕಲಿತದ್ದು

ಕಲ್ಕತ್ತದ ಖಾಸಗಿ ಬಸ್ಸಿನ ಕಂಡಕ್ಟರ್ ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಇನ್ನೊಂದು ಗಾಳಿಯಲ್ಲಿ, ಅಂಗೈಯಿಂದ ಬಸ್ಸಿನ ತಗಡು ಬಡಿಯುತ್ತ, ನೀವು ಯಾವ ಜಾಗದ ಹೆಸರು ಹೇಳಿದರೂ "ಜಾಬೇ, ಜಾಬೇ" ಎನ್ನುತ್ತಿದ್ದ. ಹೋಗುತ್ತದೆ, ಹೋಗುತ್ತದೆ. ಹೋಗುವುದಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಟಿಕೆಟು ಕೈಗೆ ಬಂದಿರುತ್ತಿತ್ತು. ಬಸ್ಸು ನಿಜವಾಗಿ ಎಲ್ಲಿಗೆ ಹೋಗುತ್ತದೆ ಎಂಬುದು ಅದರ ಹಣೆಯ ಮೇಲೆ ಬರೆದಿರುತ್ತಿತ್ತು, ನಂಬರೂ ಸೇರಿ ಬಂಗಾಳಿಯಲ್ಲಿ. ಅದನ್ನು ಓದಲು ಬಾರದ್ದರಿಂದ ನನ್ನ ಅಮ್ಮ ಒಂದು ವರ್ಷ ಮನೆಯಲ್ಲೇ ಕೂತಿದ್ದಳು.

ಕೆಂಪು ಬಾವುಟದ ಸರ್ಕಾರ ಎರಡನೆಯ ಸಲ ಗೆದ್ದು ನೆಮ್ಮದಿಯಾಗಿ ಕೂತಿದ್ದ ಕಾಲ ಅದು. ನಾನು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ರಾತ್ರಿ ಪಾಳಿಯ ಉಪಸಂಪಾದಕ. ಹೆಂಡತಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ. ಮಗಳು ಶಾಲೆಗೆ ಹೋಗುತ್ತಿದ್ದಳು. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಅರ್ಧ ಹಿಂದಿ, ಅರ್ಧ ಬಂಗಾಳಿಯಲ್ಲಿ ಉತ್ತರ ಕೊಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನಂಜನಗೂಡಿನಿಂದ ಅಮ್ಮನನ್ನು ಕರೆತಂದೆವು. ಕಲ್ಕತ್ತ ಎಂದಾಗ ಆಕೆ ಒಪ್ಪಿದ್ದು ನಮಗಾಗಿ ಅಲ್ಲ, ಚಿಕ್ಕಮ್ಮನಿಗಾಗಿ.

ಚಿಕ್ಕಮ್ಮ ಅಮ್ಮನ ಒಬ್ಬಳೇ ತಂಗಿ. ರೈಲ್ವೆಯವರನ್ನು ಮದುವೆಯಾಗಿ ಚಿಕ್ಕ ವಯಸ್ಸಿಗೇ ಊರು ಬಿಟ್ಟವಳು. ಆಮೇಲೆ ಅಕ್ಕತಂಗಿಯರು ಸೇರಿದ್ದೆಲ್ಲ ಮದುವೆಮನೆಗಳಲ್ಲಿ, ತಿಥಿಯ ಮನೆಗಳಲ್ಲಿ. ಎರಡು ಕಡೆಯೂ ಮಾತಿಗೆ ಪುರಸೊತ್ತಿಲ್ಲ. ಈಗ ಚಿಕ್ಕಮ್ಮ ಕಲ್ಕತ್ತದಲ್ಲೇ, ಬಂದರಿನ ಕಡೆಯ ಗಾರ್ಡನ್ ರೀಚಿನಲ್ಲಿದ್ದಳು. ಅವಳ ಮಗ ಅಲ್ಲಿ ಹಡಗು ಕಟ್ಟುವ ಕೆಲಸದ ತಪಾಸಣೆಗೆಂದು ಸರ್ಕಾರದಿಂದ ಬಂದಿದ್ದ ಇಂಜಿನಿಯರ್. ಅವರಿಗೆ ಕೊಟ್ಟಿದ್ದ ಕ್ವಾರ್ಟರ್ಸು ಮೂರನೇ ಮಹಡಿ. ಚಿಕ್ಕಮ್ಮನಿಗೆ ಮಂಡಿನೋವು, ಇಳಿದರೆ ಹತ್ತುವಂತಿರಲಿಲ್ಲ. ಆದ್ದರಿಂದ ಹೋಗಬೇಕಾದವಳು ಅಮ್ಮನೇ. ನನಗೆ ಬಿಡುವಾದ ಭಾನುವಾರ ಕರೆದುಕೊಂಡು ಹೋಗುತ್ತಿದ್ದೆ. ಪತ್ರಿಕೆಯವರ ಭಾನುವಾರ ಎಂದರೆ ಏನೆಂದು ಪತ್ರಿಕೆಯವರ ಮನೆಯವರಿಗೆ ಗೊತ್ತು.

ದಸರೆಗೆ ಸ್ವಲ್ಪ ಮೊದಲು ಸುದ್ದಿ ಬಂತು. ಚಿಕ್ಕಮ್ಮನ ಮಗನಿಗೆ ವಿಶಾಖಪಟ್ಟಣಕ್ಕೆ ವರ್ಗ. ಮಾರ್ಚ್ ಮುಗಿಯುತ್ತಲೇ ಹೊರಡಬೇಕು. ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಹಾಕಿ ಮುಗಿಸಿ, ಸೌಟು ಕೆಳಗಿಟ್ಟು ಹೇಳಿದಳು:

"ಇನ್ನು ನಿನ್ನ ಭಾನುವಾರ ನಂಬ್ಕೊಂಡು ಕೂತ್ರೆ ಆಗಲ್ಲ ಕಣೋ. ನಾನೊಬ್ಬಳೇ ಹೋಗಿಬರೋದು ಕಲೀತೀನಿ."

"ಕಂಡಕ್ಟರ್ ಎಲ್ಲದಕ್ಕೂ ಜಾಬೇ ಅಂತಾನಮ್ಮ. ಎಲ್ಲಿ ಇಳಿಸ್ತಾನೋ!"

"ಅದಕ್ಕೇ ಓದೋದು ಕಲೀತೀನಿ ಅಂದಿದ್ದು."

ಆ ದಿನಗಳಲ್ಲಿ ನಾನು ಸ್ವಂತ ಸುಧಾರಣೆಯ ಪುಸ್ತಕಗಳನ್ನು ಬಹಳ ಓದುತ್ತಿದ್ದೆ. ಬೇಗ ಏಳುವುದು ಹೇಗೆ, ನೆನಪಿನ ಶಕ್ತಿ ಹೆಚ್ಚಿಸುವುದು ಹೇಗೆ, ಇಂಥವು. ಬೇಗ ಏಳುವುದರ ಪುಸ್ತಕವನ್ನು ಮಧ್ಯಾಹ್ನ ಎದ್ದು ಓದುತ್ತಿದ್ದೆ. ಅವುಗಳಲ್ಲೊಂದು ಪುಸ್ತಕ ಹೇಳಿತ್ತು: ಬೇಕಾದಷ್ಟನ್ನೇ ಕಲಿ, ಅಕ್ಷರಗಳ ಗೊಡವೆ ಬೇಡ, ಪದದ ಆಕಾರ ನೆನಪಿಟ್ಟುಕೋ. ಆಫೀಸಿನಿಂದ ದಪ್ಪ ಕಾಗದ ತಂದು ಕಾರ್ಡು ಕತ್ತರಿಸಿ, ಕೆಂಪು ಶಾಯಿಯಲ್ಲಿ ಬಂಗಾಳಿಯಲ್ಲಿ 'ಖಿದಿರ್‌ಪುರ', 'ಗಾರ್ಡನ್ ರೀಚ್', ವಾಪಸು ಬರಲು ನಮ್ಮ ಸ್ಟಾಪಿನ ಹೆಸರು ಬರೆದು ಅಮ್ಮನ ಮುಂದೆ ಹರಡಿದೆ. ನಮ್ಮ ಮನೆ ದಕ್ಷಿಣ ಭಾಗದಲ್ಲಿ, ಕೆರೆಯ ಹತ್ತಿರ. ಖಿದಿರ್‌ಪುರದಲ್ಲಿ ಬಸ್ಸು ಬದಲಿಸಬೇಕು, ಅಷ್ಟೇ.

ಅಮ್ಮ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಇದೇನೋ, ತಂತಿ ಮೇಲೆ ಬಟ್ಟೆ ಒಣಹಾಕಿದ ಹಾಗಿದೆ! ನಮ್ಮ ಅಕ್ಷರ ನೋಡು, ಚಕ್ಕುಲಿ ಕೋಡುಬಳೆ ಥರ ತಮ್ಮ ಪಾಡಿಗೆ ತಾವು ಕೂತಿರ್ತವೆ."

"ಅಕ್ಷರ ನೋಡ್ಬೇಡ. ಒಟ್ಟು ಆಕಾರ ನೋಡು. ಈ ಮೂರು ಮಾತು ಸಾಕು ನಿಂಗೆ."

"ಮೂರು ಮಾತು ಕಲಿತ್ರೆ ಮೂರೇ ಕಡೆ ಹೋಗಬಹುದು," ಎಂದು ಅಮ್ಮ ಕಾರ್ಡುಗಳನ್ನು ಜೋಡಿಸಿ ನನಗೇ ಕೊಟ್ಟಳು. "ಅ ಆ ಇ ಈಯಿಂದ ಶುರು ಮಾಡ್ಬೇಕು. ವಿಜಯದಶಮಿ ದಿನ ಶುರು ಮಾಡ್ಬೇಕು. ಹೇಳ್ಕೊಡೋಕೆ ಮಗ ಆಗಲ್ಲ, ಗುರು ಬೇಕು. ಒಂದು ಸ್ಲೇಟು ತಂದ್ಕೊಡು."

ಕಾರ್ಡುಗಳನ್ನು ಮಗಳು ಇಸ್ಪೀಟಿನ ಎಲೆ ಮಾಡಿಕೊಂಡಳು.

ಗುರು ಮೇಲಿನ ಮಹಡಿಯಲ್ಲೇ ಸಿಕ್ಕರು. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ, ಒಬ್ಬರೇ ಇದ್ದ ಬಂಗಾಳಿ ಮಹಿಳೆ. ಬೀದಿಯವರೆಲ್ಲ ಅವರನ್ನು ದಿದಿಮಣಿ ಎನ್ನುತ್ತಿದ್ದರು. ಅಲ್ಲಿ ಟೀಚರಮ್ಮನಿಗೆ ಹಾಗೇ ಕರೆಯುವುದು. ಅವರು ಅಮ್ಮನನ್ನು ದಿದಿ, ಎಂದರೆ ಅಕ್ಕ, ಎನ್ನುತ್ತಿದ್ದರು. ಇಬ್ಬರೂ ಒಂದೇ ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡಿ ಗೆಳತಿಯರಾದವರು. ಅಮ್ಮನ ಬಂಗಾಳಿ ತರಕಾರಿಯಿಂದ ಶುರುವಾಗಿ ಅಲ್ಲಿಂದ ಬೆಳೆದದ್ದು. ಬಾಯಿಮಾತಿನಲ್ಲಿ ನನ್ನದಕ್ಕಿಂತ ವಾಸಿ.

ತಪ್ಪಾದದ್ದು ದಿನದ ವಿಷಯದಲ್ಲಿ. ನಮ್ಮ ಕಡೆ ನವರಾತ್ರಿಯಲ್ಲಿ ಪುಸ್ತಕ ಪೂಜೆಗಿಟ್ಟು ವಿಜಯದಶಮಿ ದಿನ ತೆಗೆಯುತ್ತೇವೆ. ಹೊಸ ವಿದ್ಯೆಗೆ ಅದಕ್ಕಿಂತ ಒಳ್ಳೆಯ ದಿನವಿಲ್ಲ. ಕಲ್ಕತ್ತದಲ್ಲಿ ಅದೇ ದಿನ ದುರ್ಗೆಯನ್ನು ನದಿಗೆ ಬಿಡುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸುವ ದಿನವದು. ಊರಿಗೆ ಊರೇ ಕಣ್ಣೊರೆಸಿಕೊಳ್ಳುತ್ತಿರುತ್ತದೆ. ಇದು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ಅಮ್ಮ ತಲೆಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಹೊಸ ಸ್ಲೇಟು, ಬಳಪ, ತಟ್ಟೆಯಲ್ಲಿ ಅಕ್ಕಿ, ವೀಳ್ಯದೆಲೆ, ತೆಂಗಿನಕಾಯಿ ಹಿಡಿದು ಮೆಟ್ಟಿಲು ಹತ್ತಿದಳು. ತಟ್ಟೆ ಹಿಡಿಯಲು ನಾನು ಹಿಂದೆ ಹೋದೆ.

ದಿದಿಮಣಿ ಕೆಂಪಂಚಿನ ಬಿಳಿ ಸೀರೆ ಉಟ್ಟು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಕಣ್ಣು ಕೆಂಪಗಿತ್ತು. ಕೆಳಗೆ ಬೀದಿಯ ಪೆಂಡಾಲಿನಲ್ಲಿ ಢಾಕ್ ಎಂಬ ದೊಡ್ಡ ಡೋಲು ಬಡಿಯುತ್ತಿದ್ದರು. ಅವರ ಬಂಗಾಳಿಯನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಇದೇನು ದಿದಿ, ಕಾಯಿ, ಅಕ್ಕಿ?"

"ಇವತ್ತಿಂದ ಪಾಠ."

"ಇವತ್ತಾ? ಇವತ್ತು ಮಾ ಹೋಗ್ತಾಳೆ. ಇವತ್ತು ಯಾರಾದರೂ ಏನನ್ನಾದರೂ ಶುರು ಮಾಡ್ತಾರಾ? ಇದು ಮುಗಿಯೋ ದಿನ."

"ನಮ್ಮಲ್ಲಿ ಶುರು ಆಗೋ ದಿನ."

"ಸರಸ್ವತಿ ಪೂಜೆಗೆ ಬನ್ನಿ. ಮಾಘದಲ್ಲಿ. ಅವತ್ತು ಮಕ್ಕಳ ಕೈಗೆ ಬಳಪ ಕೊಡ್ತೀವಿ."

"ಮಾಘ ಅಂದ್ರೆ ಚಳಿಗಾಲ ಮುಗೀತಾ ಬಂತು. ಚೈತ್ರಕ್ಕೆ ನನ್ನ ತಂಗಿ ಹೋಗೇಬಿಡ್ತಾಳೆ," ಎಂದಳು ಅಮ್ಮ. ಜೋರಾಗಿ ಹೇಳಲಿಲ್ಲ.

ದಿದಿಮಣಿ ಬೀಗದ ಕೈಯನ್ನು ಬೀಗದಲ್ಲೇ ಬಿಟ್ಟರು. ಕೆಳಗಿನಿಂದ ಯಾರೋ ಅವರನ್ನು ಕರೆದರು. "ಬಂದೆ!" ಎಂದು ಕೂಗಿ, ಬಾಗಿಲು ಮತ್ತೆ ತೆಗೆದು, ಚಾಪೆ ಹಾಸಿದರು. ಅಮ್ಮನ ತೋರುಬೆರಳು ಹಿಡಿದು ಅಕ್ಕಿಯಲ್ಲಿ ಒಂದು ಅಕ್ಷರ ಬರೆಸಿದರು.

"ಒ," ಎಂದರು ದಿದಿಮಣಿ.

"ಅ," ಎಂದಳು ಅಮ್ಮ.

"ನಾವು ಇದನ್ನು ಒ ಅನ್ನುತ್ತೇವೆ."

"ಬರೆಯೋದು ನಿಮ್ಮ ಥರ. ಹೇಳೋದು ನಮ್ಮ ಥರ."

"ಮೊದಲ ದಿನವೇ ಎದುರುತ್ತರ!" ಎಂದು ದಿದಿಮಣಿ ನಕ್ಕರು. ಆ ದಿನ ಅವರು ನಕ್ಕದ್ದು ಅದೇ ಮೊದಲಿರಬೇಕು. "ಆದರೆ ಒಂದು ಮಾತು. ಸರಸ್ವತಿ ಪೂಜೆಗೂ ಬಂದು ಮಕ್ಕಳ ಜೊತೆ ಕೂತುಕೊಳ್ಳಬೇಕು. ನಿಮ್ಮ ಶಾಸ್ತ್ರ ಆಯಿತು, ನಮ್ಮದೂ ಆಗಲಿ."

ಅಕ್ಷರ ತಿದ್ದಿದ ಅಕ್ಕಿಯಿಂದ ಅಂದು ಮಧ್ಯಾಹ್ನ ಪಾಯಸವಾಯಿತು. ಅರ್ಧ ಮೇಲಕ್ಕೆ ಹೋಯಿತು.

ಆಮೇಲೆ ನಮ್ಮ ಮನೆಯ ಬೆಳಗಿನ ಸದ್ದು ಬದಲಾಯಿತು. ಅಮ್ಮ ಮನಸ್ಸಿನಲ್ಲಿ ಓದಿಕೊಳ್ಳುವ ಪೈಕಿಯಲ್ಲ. ಶ್ಲೋಕದ ಪುಸ್ತಕವಿರಲಿ, ಕ್ಯಾಲೆಂಡರಿರಲಿ, ಊದುಬತ್ತಿಯ ಪೊಟ್ಟಣವಿರಲಿ, ಓದಿದರೆ ಗಟ್ಟಿಯಾಗಿಯೇ ಓದುವವಳು. "ಬಾಯಿಗೆ ಬರದೆ ಇದ್ದದ್ದು ಬುದ್ಧಿಗೆ ಹೋಗಲ್ಲ" ಎಂಬುದು ಅವಳ ಮೇಷ್ಟರು ಕಲಿಸಿದ ಪಾಠ. ಪಾಳಿ ಮುಗಿಸಿ ಬಂದು ನಾನು ಮಲಗಿದ ಸ್ವಲ್ಪ ಹೊತ್ತಿಗೇ ಪಕ್ಕದ ಕೋಣೆಯಿಂದ ಕ, ಖ, ಗ, ಘ ಶುರುವಾಗುತ್ತಿತ್ತು.

"ಅತ್ತೆ, ಅವರು ಮಲಗಿದ್ದಾರೆ. ಸ್ವಲ್ಪ ಮೆಲ್ಲಗೆ," ಎನ್ನುತ್ತಿದ್ದಳು ನನ್ನ ಹೆಂಡತಿ, ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತ.

"ಮಲಗ್ಲಿ ಬಿಡೇ. ನಿದ್ದೇಲಿ ಅವನಿಗೂ ಒಂದೆರಡು ಅಕ್ಷರ ಹತ್ತುತ್ತೆ."

ಹತ್ತಿದವು. ಬಂಗಾಳಿಯ ಒತ್ತಕ್ಷರಗಳಲ್ಲಿ ನನಗಿದ್ದ ಗೊಂದಲ ಹೋದದ್ದು ಆ ಚಳಿಗಾಲದಲ್ಲಿ, ಹಾಸಿಗೆಯಲ್ಲಿ.

ಅಮ್ಮನ ಪದ್ಧತಿ ತೀರ ಹಳೆಯದು. ಹೊಸ ಅಕ್ಷರವನ್ನು ಮೊದಲು ಅಕ್ಕಿಯಲ್ಲಿ, ಆಮೇಲೆ ಸ್ಲೇಟಿನ ಮೇಲೆ ದಿದಿಮಣಿ ಬರೆದದ್ದರ ಮೇಲೇ ತಿದ್ದುವುದು. ಗೆರೆ ದಪ್ಪಗಾಗಿ ಬಳಪದ ಪುಡಿ ಉದುರುವವರೆಗೂ ತಿದ್ದುವುದು. ಹಿಂದಿನ ದಿನದ್ದು ಒಪ್ಪಿಸದೆ ಮುಂದಕ್ಕಿಲ್ಲ. ಸಂಜೆ ಲೋಡ್‌ಶೆಡ್ಡಿಂಗಿನಲ್ಲಿ ಕರೆಂಟು ಹೋಗಿ ಮಗಳು ಪುಸ್ತಕ ಮುಚ್ಚಿ ಕುಣಿದರೆ, ಅಜ್ಜಿ ಅವಳ ಬೆನ್ನ ಮೇಲೆ ಬೆರಳಿನಿಂದ ಒಮ್ಮೆ ಬಂಗಾಳಿ, ಒಮ್ಮೆ ಕನ್ನಡ ಅಕ್ಷರ ಬರೆದು ಏನೆಂದು ಕೇಳುತ್ತಿದ್ದಳು. "ಅಜ್ಜಿ, ಕಚಗುಳಿ! ಇದು 'ತ'!" ಕತ್ತಲೆಯಲ್ಲಿ ನಡೆಯುತ್ತಿದ್ದ ಆ ಪಾಠದಲ್ಲಿ ಅಜ್ಜಿಗೆ ಬಂಗಾಳಿ ಎಷ್ಟು ಬಂತೋ, ಮೊಮ್ಮಗಳಿಗೆ ಕನ್ನಡವೂ ಅಷ್ಟು ಬಂತು. ಕರೆಂಟು ಕಂಪನಿಗೆ ಕೃತಜ್ಞತೆ ಸಲ್ಲಿಸಬೇಕಾದ ಸಂದರ್ಭಗಳು ಕಡಿಮೆ, ಇದೊಂದು.

ಪೌಷ ಮಾಸದಲ್ಲಿ ಮಾರುಕಟ್ಟೆಗೆ ಎಲಚಿ ಹಣ್ಣು ಬಂತು. ಅಮ್ಮ ಒಂದು ಪೊಟ್ಟಣ ತಂದು ಉಪ್ಪು ಖಾರ ಹಚ್ಚಿ ತಿನ್ನುತ್ತ ಕೂತಿದ್ದಾಗ ದಿದಿಮಣಿ ಬಂದು ಬಾಗಿಲಲ್ಲೇ ನಿಂತುಬಿಟ್ಟರು.

"ಸರಸ್ವತಿ ಪೂಜೆಗೆ ಮುಂಚೆ ಎಲಚಿ ಹಣ್ಣು ತಿಂದಿರಾ? ಮುಗೀತು. ಪರೀಕ್ಷೆಯಲ್ಲಿ ಫೇಲು!"

"ನನಗೆಲ್ಲಿದೆ ಪರೀಕ್ಷೆ?"

"ಖಿದಿರ್‌ಪುರದಲ್ಲಿದೆ," ಎಂದರು ದಿದಿಮಣಿ.

ಅಮ್ಮ ಉಳಿದ ಹಣ್ಣನ್ನು ಮೊಮ್ಮಗಳಿಗೂ ಕೊಡದೆ ಕಟ್ಟಿಟ್ಟಳು. ನಂಬಿಕೆ ಇದ್ದದ್ದರಿಂದಲ್ಲ. ಗುರುವಿನ ಮಾತು, ಅಷ್ಟೇ.

ಸರಸ್ವತಿ ಪೂಜೆಯ ದಿನ ಬೀದಿಯ ಕ್ಲಬ್ಬಿನ ಪೆಂಡಾಲಿನಲ್ಲಿ ಹಳದಿ ಬಟ್ಟೆಯ ಪುಟ್ಟ ಮಕ್ಕಳು ಸಾಲಾಗಿ ಅಮ್ಮಂದಿರ ತೊಡೆಯ ಮೇಲೆ ಕೂತಿದ್ದರು. ಸಾಲಿನ ಕೊನೆಯಲ್ಲಿ ನನ್ನ ಅಮ್ಮ, ಯಾರ ತೊಡೆಯ ಮೇಲೂ ಅಲ್ಲದೆ, ಅರಿಶಿನ ಬಣ್ಣದ ಸೀರೆಯಲ್ಲಿ. ಪುರೋಹಿತ ಒಂದೊಂದು ಮಗುವಿನ ಕೈ ಹಿಡಿದು ಬರೆಸುತ್ತ ಬಂದು ಅಮ್ಮನ ಎದುರು ನಿಂತು ದಿದಿಮಣಿಯ ಮುಖ ನೋಡಿದ.

"ಬರೆಸಪ್ಪ. ಹೊಸ ಹುಡುಗಿ," ಎಂದರು ಅವರು.

ಅಳುತ್ತಿದ್ದ ಮಕ್ಕಳೂ ಅಳು ನಿಲ್ಲಿಸಿ ಈ ಹುಡುಗಿಯನ್ನು ನೋಡಿದವು. ಅಮ್ಮ ಗಂಭೀರವಾಗಿ ಬರೆದಳು. ಆದರೆ ಕಷ್ಟ ಆಮೇಲೆ ಕಾದಿತ್ತು. ಅಂದು ಅಲ್ಲಿ ಓದುಬರಹ ನಿಷಿದ್ಧ. ಪುಸ್ತಕ, ಪೆನ್ನು, ಸ್ಲೇಟು ಎಲ್ಲ ದೇವಿಯ ಪಾದದಲ್ಲಿರಬೇಕು. ಚಿಕ್ಕಮ್ಮ ಹೊರಡಲು ಉಳಿದಿದ್ದ ವಾರಗಳೇ ಕೆಲವು. ಒಂದು ದಿನ ವ್ಯರ್ಥವಾಯಿತೆಂದು ಅಮ್ಮನಿಗೆ ಸಂಕಟ. ಮನೆಗೆ ಬರುವ ದಾರಿಯಲ್ಲಿ ತಟಕ್ಕನೆ ನಿಂತಳು. "ಮಿ-ಷ್ಟಾ-ನ್ನ," ಎಂದು ಮಿಠಾಯಿ ಅಂಗಡಿಯ ಬೋರ್ಡನ್ನು ಗಟ್ಟಿಯಾಗಿ ಓದಿದಳು. ಒಳಗಿದ್ದವನು ಸಂದೇಶ್ ಎಂಬ ಹಾಲಿನ ಸಿಹಿಯ ತಟ್ಟೆ ಎತ್ತಿ ತೋರಿಸಿದ.

"ಅಮ್ಮ, ಇವತ್ತು ಓದಬಾರದಲ್ಲ," ಎಂದೆ.

"ಬೋರ್ಡು ಪುಸ್ತಕ ಅಲ್ಲ ಕಣೋ. ಬೀದೀಲಿರೋದು ಗಾಳಿ ಬೆಳಕು ಇದ್ದ ಹಾಗೆ," ಎಂದು ಮುಂದಿನ ಅಂಗಡಿಗೆ ಹೋದಳು. ಔಷಧಿ ಅಂಗಡಿ, ಹೊಲಿಗೆ ಅಂಗಡಿ, ಗೋಡೆಯ ಮೇಲಿನ ಚುನಾವಣೆಯ ಬರಹ, ಯಾವುದನ್ನೂ ಬಿಡಲಿಲ್ಲ. ಮನೆ ಸೇರಲು ಬಹಳ ಹೊತ್ತಾಯಿತು.

ಪರೀಕ್ಷೆ ಬಂದದ್ದು ಫೆಬ್ರವರಿಯ ಒಂದು ಗುರುವಾರ. ಅಮ್ಮನ ಬಟ್ಟೆಯ ಚೀಲದಲ್ಲಿ ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ನೀರಿನ ಬಾಟಲಿ. ನಾನು ಸ್ಟಾಪಿನವರೆಗೆ ಬರುತ್ತೇನೆಂದೆ. ಬೇಡವೆಂದಳು. ಹಿಂದಿನಿಂದ ಬರುವ ಯೋಚನೆ ಇತ್ತು. ಅದನ್ನೂ ನನ್ನ ಮುಖದಲ್ಲಿ ಓದಿ, "ಹಿಂದೆ ಬಂದ್ರೆ ಅರ್ಧ ದಾರಿಯಿಂದ ವಾಪಸ್ ಬಂದ್ಬಿಡ್ತೀನಿ," ಎಂದಳು. ಅಂದು ನಾನು ಮಲಗಲಿಲ್ಲ. ಟೆಲಿಪ್ರಿಂಟರಿನಲ್ಲಿ ಸುದ್ದಿಗೆ ಕಾಯುವುದು ನನ್ನ ವೃತ್ತಿ. ಟೆಲಿಪ್ರಿಂಟರಿಲ್ಲದೆ ಕಾಯುವುದು ಬೇರೆ ಕೆಲಸ.

ನಡೆದದ್ದನ್ನು ಅಮ್ಮನಿಂದಲೂ ಚಿಕ್ಕಮ್ಮನಿಂದಲೂ ಬೇರೆಬೇರೆಯಾಗಿ ಕೇಳಿ ಹೊಂದಿಸಿ ಬರೆಯುತ್ತಿದ್ದೇನೆ.

ಮೊದಲ ಬಸ್ಸು ಸರಿಯಾಗಿಯೇ ಸಿಕ್ಕಿತು. ಆದರೆ ಖಿದಿರ್‌ಪುರಕ್ಕೆ ಇನ್ನೂ ದಾರಿಯಿರುವಾಗಲೇ ನಿಂತುಬಿಟ್ಟಿತು. ಎದುರಿಗೆ ಬಂದರಿನ ಕೂಲಿಗಳ ಮೆರವಣಿಗೆ. "ಆರ್ ಜಾಬೇ ನಾ," ಎಂದ ಕಂಡಕ್ಟರ್. ಇನ್ನು ಹೋಗುವುದಿಲ್ಲ. ಕಲ್ಕತ್ತದ ಕಂಡಕ್ಟರ್ ಹಾಗೆ ಹೇಳಿದನೆಂದರೆ ನಿಜವಾಗಿಯೂ ಹೋಗುವುದಿಲ್ಲ. "ಆಸ್ತೇ, ಲೇಡೀಸ್!" ಮೆಲ್ಲಗೆ, ಹೆಂಗಸರು ಇಳಿಯುತ್ತಿದ್ದಾರೆ, ಎಂದು ಕೂಗಿ ಅಮ್ಮನನ್ನು ಹುಷಾರಾಗಿ ಇಳಿಸಿದ.

ಫುಟ್‌ಪಾತಿನ ತುಂಬ ಅಂಗಡಿಗಳು. ನಡೆಯಲು ಜಾಗವಿದ್ದದ್ದು ಮೆರವಣಿಗೆಯ ಪಕ್ಕದಲ್ಲಿ ಮಾತ್ರ. ಮೆರವಣಿಗೆಯೂ ಖಿದಿರ್‌ಪುರದ ಕಡೆಗೇ ಹೋಗುತ್ತಿತ್ತು. ಅಮ್ಮ ಅದರ ಜೊತೆ ನಡೆದಳು. ಎದುರಿಗೆ ಇಬ್ಬರು ಹಿಡಿದಿದ್ದ ದೊಡ್ಡ ಕೆಂಪು ಬಟ್ಟೆ, ಅದರ ಮೇಲೆ ಮೊಳದುದ್ದದ ಬಿಳಿ ಅಕ್ಷರ. ಅಷ್ಟು ದೊಡ್ಡ ಅಕ್ಷರ ಕಣ್ಣೆದುರಿಗಿದ್ದರೆ ಅಮ್ಮ ಸುಮ್ಮನಿರುವುದುಂಟೆ?

"ಶ್ರ-ಮಿ-ಕ... ಐ-ಕ್ಯ," ಎಂದು ಗಟ್ಟಿಯಾಗಿ ಓದಿದಳು.

"ಜಿಂದಾಬಾದ್!" ಎಂದಿತು ಪಕ್ಕದ ಸಾಲು.

ಅಮ್ಮ ಬೆಚ್ಚಿದಳು. ಆದರೆ ಬಟ್ಟೆಯ ಮೇಲೆ ಇನ್ನೊಂದು ಸಾಲಿತ್ತು.

"ಅಲ್ಲಿಗೇ ನಿಲ್ಲಿಸ್ಬಾರದಿತ್ತಾ?" ಎಂದು ನಾನು ಆಮೇಲೆ ಕೇಳಿದೆ.

"ಓದೋದನ್ನ ಅರ್ಧಕ್ಕೆ ಬಿಡ್ತಾರೇನೋ!"

ಎರಡನೆಯ ಸಾಲಿಗೂ ಜಿಂದಾಬಾದ್ ಬಂತು. ಯಾರೋ ಅವಳ ಕೈಗೆ ಕಾಗದದ ಒಂದು ಕೆಂಪು ಬಾವುಟ ಕೊಟ್ಟರು. ಕೊಟ್ಟದ್ದನ್ನು ಬೇಡ ಎನ್ನಬಾರದೆಂದು ತೆಗೆದುಕೊಂಡಳು.

ಖಿದಿರ್‌ಪುರದ ಕೂಡುರಸ್ತೆಯಲ್ಲಿ ಬಸ್ಸುಗಳೆಲ್ಲ ದಿಕ್ಕು ತಪ್ಪಿ ನಿಂತಿದ್ದವು. ದಿನವೂ ನಿಲ್ಲುವ ಜಾಗದಲ್ಲಿ ಯಾವುದೂ ಇರಲಿಲ್ಲ. "ಗಾರ್ಡನ್ ರೀಚ್?" ಎಂದು ಅಮ್ಮ ಒಬ್ಬ ಕಂಡಕ್ಟರನ್ನು ಕೇಳಿದಳು. "ಜಾಬೇ, ಜಾಬೇ, ಹತ್ತಿ ಮಾಶಿಮಾ!" ಎಂದು ಅವನು ಹತ್ತಿಸಿಕೊಳ್ಳಲು ಚೀಲಕ್ಕೆ ಕೈ ಹಾಕಿದ. ಮಾಶಿಮಾ ಎಂದರೆ ದೊಡ್ಡಮ್ಮ. ಅಮ್ಮ ಚೀಲ ಬಿಡಲಿಲ್ಲ. ಬಸ್ಸಿನ ಮುಂದಕ್ಕೆ ಹೋಗಿ, ಕತ್ತೆತ್ತಿ, ಕನ್ನಡಕ ಸರಿಮಾಡಿಕೊಂಡು, ಬೋರ್ಡು ಓದಿದಳು.

"ಬೆ-ಹಾ-ಲಾ. ಇದು ಬೆಹಾಲಾಕ್ಕೆ ಹೋಗೋದು. ಗಾರ್ಡನ್ ರೀಚ್ ಆ ಕಡೆ, ಬೆಹಾಲಾ ಈ ಕಡೆ. ಸುಳ್ಳು ಯಾಕಪ್ಪ ಹೇಳ್ತೀಯ?" ಎಂದು ತನ್ನ ತರಕಾರಿ ಬಂಗಾಳಿಯಲ್ಲಿ ಕೇಳಿದಳು.

ಬಸ್ಸಿನೊಳಗಿದ್ದವರೆಲ್ಲ ನಕ್ಕರು. "ಮಾಶಿಮಾಗೆ ಓದೋಕೆ ಬರುತ್ತೆ ಕಣೋ! ಇನ್ನು ನಿನ್ನ ಆಟ ನಡೆಯಲ್ಲ!" ಎಂದ ಕಿಟಕಿಯ ಪಕ್ಕದಲ್ಲಿದ್ದವನು. ಕಂಡಕ್ಟರ್ ನಾಲಗೆ ಕಚ್ಚಿಕೊಂಡು, ಬೀದಿಯ ಆಚೆ ತಿರುಗಿ ನಿಂತಿದ್ದ ಬಸ್ಸಿನ ಕಡೆ ಕೈ ತೋರಿಸಿದ. ಅಮ್ಮ ಅದರ ಬೋರ್ಡನ್ನೂ ಓದಿಯೇ ಹತ್ತಿದಳು.

ಚಿಕ್ಕಮ್ಮ ಬಾಗಿಲು ತೆರೆದಾಗ ಎದುರಿಗೆ ಅಕ್ಕ, ಒಬ್ಬಳೇ, ಕೈಯಲ್ಲಿ ಕೆಂಪು ಬಾವುಟ.

"ಅಯ್ಯೋ ಅಕ್ಕ! ಪಾರ್ಟಿ ಸೇರಿದ್ಯೇನೇ?"

ಆಮೇಲೆ ಅಕ್ಕ ಅತ್ತಳು ಎನ್ನುತ್ತಾಳೆ ಚಿಕ್ಕಮ್ಮ. ಅಮ್ಮನ ಪ್ರಕಾರ ಅತ್ತದ್ದು ಚಿಕ್ಕಮ್ಮ. ಮೂರನೆಯ ಸಾಕ್ಷಿಯಿಲ್ಲದ್ದರಿಂದ ಎರಡನ್ನೂ ಕೊಟ್ಟಿದ್ದೇನೆ. ಮಧ್ಯಾಹ್ನವೆಲ್ಲ ಏನು ಮಾತಾಡಿದಿರಿ ಎಂಬುದಕ್ಕೆ ಇಬ್ಬರೂ ಒಂದೇ ಉತ್ತರ ಕೊಟ್ಟರು: "ಏನಿಲ್ಲ."

ಆಮೇಲೆ ಪ್ರತಿ ಗುರುವಾರವೂ ಅಮ್ಮ ಹೋದಳು. ಅಷ್ಟು ವರ್ಷಗಳಲ್ಲಿ ಮದುವೆಮನೆಗಳಲ್ಲಿ ಆಡಲಾಗದ ಮಾತೆಲ್ಲ ಆ ಗುರುವಾರಗಳಲ್ಲಿ ನಡೆದಿರಬೇಕು. ಒಂದು ದಿನ ಚಿಕ್ಕಮ್ಮನನ್ನು ಮೆಲ್ಲಗೆ ಮಹಡಿ ಇಳಿಸಿ ನದಿಯ ದಡಕ್ಕೂ ಕರೆದೊಯ್ದಳಂತೆ. ಅರ್ಧ ಕಟ್ಟಿದ ಹಡಗೊಂದರ ಮೈಮೇಲಿನ ಬರಹವನ್ನು ಓದಿ ಹೇಳಿದಳಂತೆ. ಅದು ಇಂಗ್ಲಿಷಿನಲ್ಲಿದ್ದಿರಬೇಕಲ್ಲ ಎಂದು ನಾನು ಕೇಳಿದಾಗ ಅಮ್ಮ ಒಲೆಯ ಮೇಲಿನ ಸಾರು ನೋಡಲು ಎದ್ದುಹೋದಳು.

ಮಾರ್ಚಿನ ಕೊನೆಯ ಗುರುವಾರ ಬೀಳ್ಕೊಡಲು ನಾನೂ ಜೊತೆಗೆ ಹೊರಟೆ. ಅಮ್ಮನ ಚೀಲದಲ್ಲಿ ಸ್ಲೇಟಿತ್ತು.

"ಇದ್ಯಾಕಮ್ಮ?"

"ಅವಳಿಗೆ. ಅಲ್ಲಿ ತೆಲುಗು ಅಕ್ಷರ, ಹೆಚ್ಚು ಕಡಿಮೆ ನಮ್ಮದೇ. ಬೇಗ ಬರುತ್ತೆ. ಮಂಡಿನೋವು ಅಂತ ಮನೇಲಿ ಕೂತ್ರೆ ಹೇಗೆ?"

"ಮುಂದಿನ ಗುರುವಾರದಿಂದ ನೀನೆಲ್ಲಿಗೆ ಹೋಗ್ತೀಯ?"

ಅಷ್ಟರಲ್ಲಿ ಬಸ್ಸು ಬಂತು. ನಂಬರು ನೋಡಿ ನಾನು ಫುಟ್‌ಬೋರ್ಡಿಗೆ ಕಾಲಿಟ್ಟೆ. ಅಮ್ಮ ನನ್ನ ತೋಳು ಹಿಡಿದು ಕೆಳಗಿಳಿಸಿದಳು. ಬೋರ್ಡನ್ನು ಮೊದಲಿನಿಂದ ಕೊನೆಯವರೆಗೆ, ನಡುವಿನ ಊರುಗಳನ್ನೂ ಬಿಡದೆ, ಗಟ್ಟಿಯಾಗಿ ಓದತೊಡಗಿದಳು. ಕಂಡಕ್ಟರ್ ತಗಡು ಬಡಿಯಲು ಎತ್ತಿದ ಕೈಯನ್ನು ಹಾಗೇ ಇಳಿಸಿ ಕಾದ. ಅವನಿಗೆ ಅಮ್ಮನ ಪರಿಚಯವಿತ್ತೆಂದು ಕಾಣುತ್ತದೆ.

"ಸರಿಯಾಗಿದೆ. ಹತ್ತು," ಎಂದಳು ಅಮ್ಮ. ಹತ್ತಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಪ್ರಶ್ನೆ ನೆನಪಾಗಿ ಹೇಳಿದಳು:

"ಮುಂದಿನ ಗುರುವಾರವಾ? ಬರೋ ಬಸ್ಸಿನ ಮೇಲೆ ಏನು ಬರೆದಿರುತ್ತೋ, ಅಲ್ಲಿಗೆ."